ಪಿಸ್ತೂಲು ಕಲಿಯೋಕೆ ಒಂದು ಒಳ್ಳೆ ಕ್ಲಾಸು

ಮನೆಯಲ್ಲಿ ಸಾವಾದ ಮೇಲೆ ಕೆಲವು ದಿನ ಯಾರೂ ನಗಬಾರದು ಅನ್ನೋದು ಎಲ್ಲರಿಗೂ ಗೊತ್ತಿರುತ್ತದೆ. ನಗು ಬರಿಸುವ ಸಂಗತಿಗಳಿಗೆ ಮಾತ್ರ ಅದನ್ನ ಯಾರೂ ಹೇಳಿರುವುದಿಲ್ಲ. ಅವು ತಮ್ಮ ಪಾಡಿಗೆ ನಡೆಯುತ್ತಲೇ ಇರುತ್ತವೆ. ನಾನು ಗಂಡನನ್ನು ಕಳಕೊಂಡ ವರ್ಷವೇ ಪಿಸ್ತೂಲು ಕಲಿಯಲು ಒಳ್ಳೆಯ ಕ್ಲಾಸು ಹುಡುಕಿಕೊಂಡು ತುಮಕೂರು, ಕುಣಿಗಲ್ಲು ಅಂತ ತಿರುಗಿದೆ. ಆ ವರ್ಷದಲ್ಲಿ ನಾನು ನಕ್ಕಿದ್ದು ಇಷ್ಟೇ. ಅದಕ್ಕೇ ಬರೆದಿಡುತ್ತಿದ್ದೇನೆ.

ಹಾಟ್‌ಬಾಕ್ಸು

ಗುಬ್ಬಿಯಿಂದ ಚೇಳೂರಿಗೆ ಹೋಗುವ ರಸ್ತೆಯಲ್ಲಿ ನಮ್ಮದೊಂದು ಪೆಟ್ರೋಲ್ ಬಂಕು. ಹೋದ ಚಳಿಗಾಲದಲ್ಲಿ ಒಂದು ಬೆಳಿಗ್ಗೆ ನಮ್ಮ ಯಜಮಾನರು ಟ್ಯಾಂಕಿನಲ್ಲಿ ಡೀಸೆಲ್ ಎಷ್ಟಿದೆ ಅಂತ ನೋಡಲು ಕೋಲು ಇಳಿಸುತ್ತಿದ್ದವರು ಹಾಗೇ ನೆಲಕ್ಕೆ ಕೂತರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಮುಗಿದಿತ್ತು. ನಮಗೆ ಮಕ್ಕಳಿಲ್ಲ. ಹಾಗಾಗಿ ಮನೆ ಅಂದರೆ ನಾನೊಬ್ಬಳೇ, ಬಂಕು ಅಂದರೂ ನಾನೊಬ್ಬಳೇ ಅನ್ನುವಂತಾಯಿತು.

ಶಿವಗಣಾರಾಧನೆಯ ದಿನ ಊಟಕ್ಕೆ ಬಂದವರಲ್ಲಿ ಒಬ್ಬರು ಪೊಲೀಸಿನವರೂ ಇದ್ದರು. ಯಾರೋ ನಮ್ಮವರ ಸ್ನೇಹಿತರಿರಬೇಕು ಅಂದುಕೊಂಡೆ. ಪಂಕ್ತಿಯಲ್ಲಿ ಕೂತು ಪಾಯಸ ಎರಡನೇ ಸಲ ಹಾಕಿಸಿಕೊಂಡು, ಕೈ ತೊಳೆದು, ಟೋಪಿ ಕಂಕುಳಲ್ಲಿ ಇಟ್ಟುಕೊಂಡು ನನ್ನ ಹತ್ತಿರ ಬಂದರು. ತುಂಬಾ ಮೆಲ್ಲಗೆ ಮಾತಾಡಿದರು.

"ಅಮ್ಮಾ, ಯಜಮಾನರು ಹೋದ್ರು. ಅವರ ಲೈಸೆನ್ಸೂ ಅವರ ಜೊತೇಲೇ ಹೋದಂಗೆ. ಆದರೆ ಪಿಸ್ತೂಲು ಇಲ್ಲೇ ಉಳ್ಕೊಂಡದೆ. ಅದನ್ನ ಸ್ಟೇಷನ್ನಿಗೆ ಕೊಡಬೇಕು."

ಪಿಸ್ತೂಲು ಎಲ್ಲಿದೆ ಅಂತ ನನಗೂ ಗೊತ್ತಿರಲಿಲ್ಲ. ವರ್ಷಕ್ಕೊಮ್ಮೆ ಆಯುಧಪೂಜೆಯ ದಿನ ಅದನ್ನ ಹೊರಗೆ ತೆಗೆದು ವಿಭೂತಿ ಹಚ್ಚುತ್ತಿದ್ದರು, ಸಂಜೆಗೆ ಅದು ಮಾಯವಾಗುತ್ತಿತ್ತು. ಕೇಳಿದರೆ ಬ್ಯಾಂಕಿನ ಲಾಕರ್‌ನಲ್ಲಿದೆ ಅನ್ನುತ್ತಿದ್ದರು. ಮಾರನೇ ದಿನ ಲಾಕರ್ ತೆಗೆಸಿದರೆ ಅದರಲ್ಲಿ ನನ್ನ ಓಲೆ ಬಿಟ್ಟರೆ ಏನೂ ಇಲ್ಲ. ಪೊಲೀಸಿನವರಿಗೆ ಗಾಬರಿಯಾಯಿತು. ಅವರೂ ನಮ್ಮ ಜೊತೆ ಮನೆಯಲ್ಲೆಲ್ಲ ಹುಡುಕೋಕೆ ನಿಂತರು. ಹಾಸಿಗೆ ಕೆಳಗೆ, ರಾಗಿ ಡ್ರಮ್ಮಿನಲ್ಲಿ, ದೇವರ ಮನೆಯ ಅಟ್ಟದಲ್ಲಿ, ಎಲ್ಲೂ ಇಲ್ಲ.

ಕಡೆಗೆ ಅದು ಸಿಕ್ಕಿದ್ದು ಅವರ ಬಟ್ಟೆ ಬೀರುವಿನ ಮೇಲಿನ ಅರೆಯಲ್ಲಿ, ಸ್ವೆಟರುಗಳ ಹಿಂದೆ ಇದ್ದ ಒಂದು ಹಾಟ್‌ಬಾಕ್ಸಿನಲ್ಲಿ. ಚಪಾತಿ ಬಿಸಿಯಾಗಿಡುವ ಡಬ್ಬಿ. ನನ್ನ ತವರಿನವರು ಕೊಟ್ಟಿದ್ದು, ಮದುವೆಯಾದ ಹೊಸದರಲ್ಲೇ ಕಳೆದುಹೋಗಿತ್ತು. ಪೊಲೀಸಿನವರು ಮುಚ್ಚಳ ತೆಗೆದು ನೋಡಿ, ದೊಡ್ಡದೊಂದು ಉಸಿರು ಬಿಟ್ಟು, ಯಜಮಾನರು ಜಾಗ್ರತೆಯ ಮನುಷ್ಯ ಅಂತ ಹೊಗಳಿ, ಪಿಸ್ತೂಲನ್ನ ಸ್ಟೇಷನ್ನಿಗೆ ತಗೊಂಡು ಹೋದರು. ನಾನು ಆ ಡಬ್ಬಿಯನ್ನೇ ನೋಡುತ್ತಾ ನಿಂತಿದ್ದೆ. ಅದು ಕಳೆದುಹೋದಾಗ ಸ್ಟೂಲು ಹಾಕಿಕೊಂಡು ಮನೆಯೆಲ್ಲ ನನ್ನ ಜೊತೆ ಹುಡುಕಿ, ಹೋದರೆ ಹೋಯ್ತು ಬಿಡು, ಇನ್ನೊಂದು ತರೋಣ ಅಂತ ಸಮಾಧಾನ ಮಾಡಿದವರು ಅವರೇ.

ಹಲ್ಲಿನ ಡಾಕ್ಟರ ತಲೆಯ ಮೇಲೆ

ನಮ್ಮವರು ಹೋದ ಮೇಲೆ ಅವರ ವಾಚು ಒಬ್ಬರು ಕೇಳಿ ತಗೊಂಡರು. ಸ್ವೆಟರು ಇನ್ನೊಬ್ಬರು ತಗೊಂಡರು. ಪಿಸ್ತೂಲು ತನ್ನ ಹೆಸರಿಗಾಗಲಿ ಅಂತ ಮೈದುನ ಬಂದು ಕೂತ. ಅವನು ಗುಬ್ಬಿ ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ, ಕೆಟ್ಟವನಲ್ಲ. ಆದರೆ ಆವತ್ತು ನನಗೆ ಏನಾಯಿತೋ, ಅದು ನನ್ನ ಹೆಸರಿಗೇ ಆಗಬೇಕು ಅಂದುಬಿಟ್ಟೆ.

"ಅತ್ತಿಗೆ, ನೀವು ಪಟಾಕಿ ಹಚ್ಚೋಕೂ ಊದುಬತ್ತೀನ ಉದ್ದನೆ ಕೋಲಿಗೆ ಕಟ್ಕೊಳ್ಳೋರು," ಅಂದ. ಅದು ನಿಜ. ಆದರೆ ಬಂಕಿನ ದುಡ್ಡು ಹಿಡಿದುಕೊಂಡು ದಿನಾ ಗುಬ್ಬಿಯ ಬ್ಯಾಂಕಿಗೆ ಹೋಗುವವಳು ನಾನು. ನಮ್ಮ ಕಡೆಯ ಇನ್ನೊಂದು ಬಂಕಿನವರ ಬ್ಯಾಗನ್ನು ಬೈಕಿನಲ್ಲಿ ಬಂದವರು ಕಿತ್ತುಕೊಂಡು ಹೋಗಿ ಬಹಳ ದಿನ ಆಗಿರಲಿಲ್ಲ. ಅದನ್ನೇ ಹೇಳಿದೆ. ಅಷ್ಟು ಹೇಳಿದ್ದಕ್ಕೆ ಅವನು ಚಪ್ಪಲಿ ಮೆಟ್ಟಿಕೊಂಡು ಹೊರಟ.

ತುಮಕೂರಿನ ಡಿಸಿ ಆಫೀಸಿನಲ್ಲಿ ವಿಚಾರಿಸಿದೆ. ವಾರಸುದಾರರು ಅಂತ ಅರ್ಜಿ ಹಾಕಬಹುದು, ಆದರೆ ಆಯುಧ ಹಿಡಿಯೋದನ್ನ ಸರಿಯಾದ ಕಡೆ ಕಲಿತ ಸರ್ಟಿಫಿಕೇಟು ಬೇಕು ಅಂದರು. ಸರಿಯಾದ ಕಡೆ ಅಂದರೆ ಯಾವುದು ಅಂತ ಕೇಳಿದ್ದಕ್ಕೆ ಗುಮಾಸ್ತರು ನನ್ನನ್ನ ಮೇಲಿಂದ ಕೆಳಗೆ ನೋಡಿ, ಯಾವುದಾದರೂ ಒಳ್ಳೆ ಕ್ಲಾಸು ನೋಡಿ ಸೇರಿಕೊಳ್ಳಿ ಅಂದರು. ಹೊಲಿಗೆ ಕ್ಲಾಸಿಗೆ ಹೇಳುವ ಹಾಗೆ.

ಮೊದಲು ಸಿಕ್ಕಿದ್ದು ತುಮಕೂರಿನ ಬಟವಾಡಿಯ ಒಂದು ಕ್ಲಾಸು. ಕೆಳಗೆ ಹಲ್ಲಿನ ಡಾಕ್ಟರ ಕ್ಲಿನಿಕ್ಕು, ಮೇಲೆ ಪಿಸ್ತೂಲು. ಮೆಟ್ಟಿಲು ಹತ್ತಿ ಹೋದರೆ ಅಲ್ಲಿದ್ದವರೆಲ್ಲ ಶಾಲೆಯ ಮಕ್ಕಳು. ಬೆಂಚಿನ ಮೇಲೆ ಕೂತಿದ್ದ ಒಬ್ಬ ತಾಯಿ ನನಗೆ ಜಾಗ ಮಾಡಿಕೊಟ್ಟು, ಮೊಮ್ಮಗ ಯಾವ ಕ್ಲಾಸು ಅಂತ ಕೇಳಿದರು. ನಾನೇ ಕಲಿಯೋಕೆ ಬಂದಿದ್ದು ಅಂದೆ. ಅವರು ತಮ್ಮ ಮಗನನ್ನ ಕರೆದು ಇನ್ನೊಂದು ಬದಿಗೆ ಕೂರಿಸಿಕೊಂಡರು.

ಕಲಿಸುವವನು ಇನ್ನೂ ಹುಡುಗಾಟದ ವಯಸ್ಸಿನವನು, ತೋಳಿಲ್ಲದ ಬನಿಯನ್ನು ಹಾಕಿದ್ದ. ಬಂದ ಕೂಡಲೇ ನನ್ನ ಕೈಗೆ ಪಿಸ್ತೂಲು ಕೊಟ್ಟು, ಸ್ವಲ್ಪ ಈ ಕಡೆ ತಿರುಗಿ ಆಂಟಿ ಅಂತ ಫೋಟೋ ತೆಗೆದ. ಅದು ಗಾಳಿಯ ಒತ್ತಡದಿಂದ ಗುಂಡು ಹಾರಿಸುವ, ಆಟಕ್ಕೆ ಬಳಸುವ ಪಿಸ್ತೂಲು. ಲೈಸೆನ್ಸಿಗೆ ಇದರ ಕಲಿಕೆ ನಡೆಯುತ್ತದೆಯೇ ಅಂತ ಕೇಳಿದೆ. ನಡೆಯುತ್ತೆ, ಸರ್ಟಿಫಿಕೇಟು ಈಗಲೇ ಪ್ರಿಂಟ್ ಹಾಕಿಕೊಡ್ತೀನಿ, ಕಲಿಯೋದು ನಿಧಾನವಾಗಿ ಕಲಿಯಿರಿ ಅಂದ. ಮಾತಾಡುತ್ತಾ ಇನ್ನೊಂದು ಪಿಸ್ತೂಲನ್ನ ನನ್ನ ಕಡೆಗೇ ಆಡಿಸುತ್ತಿದ್ದ. ನಾನು ಪಕ್ಕಕ್ಕೆ ಸರಿದೆ. ಖಾಲಿ ಇದೆ ಆಂಟಿ ಅಂದ. ಹಾಗೆ ಅನ್ನುತ್ತಿದ್ದ ಹಾಗೇ ಟಕ್ ಅಂತು, ಗೋಡೆಯ ಟ್ಯೂಬ್‌ಲೈಟು ಪುಡಿಪುಡಿಯಾಗಿ ಉದುರಿತು.

ಆಗ ಕೆಳಗಿನ ಹಲ್ಲಿನ ಡಾಕ್ಟರು ಮೆಟ್ಟಿಲು ಹತ್ತಿ ಬಂದರು. ಸಿಟ್ಟಾಗಿರಲಿಲ್ಲ, ಸೋತಿದ್ದರು. ಮೇಲೆ ಟಕ್ ಅಂದಾಗಲೆಲ್ಲ ಹೊರಗೆ ಕಾಯುತ್ತಾ ಕೂತವರು ಒಳಗೆ ಯಾರದೋ ಹಲ್ಲು ಮುರೀತು ಅಂದುಕೊಂಡು ಎದ್ದು ಹೋಗುತ್ತಾರಂತೆ. ಈ ತಿಂಗಳು ಬಂದವರಿಗಿಂತ ಹೋದವರೇ ಜಾಸ್ತಿ ಅಂದರು.

ನಾನೂ ಎದ್ದು ಹೋದವಳೇ. ಕೆಳಗೆ ಆಟೋ ಹತ್ತಿದ ಮೇಲೆ ತಡೆಯಲಾರದ ನಗು ಬಂತು. ಈ ಹಲ್ಲಿನ ಡಾಕ್ಟರ ಕತೆಯನ್ನ ಮನೆಗೆ ಹೋಗುವವರೆಗೂ ಇಟ್ಟುಕೊಳ್ಳೋಕೆ ಆಗದೆ, ಅಭ್ಯಾಸಬಲದಿಂದ ನಮ್ಮವರ ನಂಬರಿಗೆ ಫೋನು ಮಾಡಿಬಿಟ್ಟೆ. ಬಂಕಿಗೆ ಸಂಬಂಧಪಟ್ಟವರೆಲ್ಲ ಅದೇ ನಂಬರಿಗೆ ಮಾಡುತ್ತಾರೆ ಅಂತ ಅವರ ಫೋನನ್ನ ನಾನೇ ಇಟ್ಟುಕೊಂಡಿದ್ದೆ. ಅದು ನನ್ನ ಬ್ಯಾಗಿನೊಳಗೇ ಬಡಕೊಳ್ಳೋಕೆ ಶುರು ಮಾಡಿತು. ತೆಗೆದು ನೋಡಿದರೆ ಪರದೆಯ ಮೇಲೆ ನನ್ನ ಹೆಸರು. ಒಂದು ಕೈಯಲ್ಲಿ ನನ್ನ ಫೋನು, ಇನ್ನೊಂದು ಕೈಯಲ್ಲಿ ಅವರದು, ಎರಡನ್ನೂ ಹಿಡಿದು ಸುಮ್ಮನೆ ಕೂತಿದ್ದೆ.

ಆಟೋದವರು ಕನ್ನಡಿಯಲ್ಲಿ ನೋಡಿ ಹೇಳಿದರು, "ಎತ್ತಿ ಅಮ್ಮಾ, ಪಾಪ, ಯಾರೋ ಆವಾಗ್ಲಿಂದ ಮಾಡ್ತಾನೇ ಅವ್ರೆ."

ಗರಿ

ಬಂಕಿಗೆ ಬರುವ ಲಾರಿ ಡ್ರೈವರೊಬ್ಬರು ಕುಣಿಗಲ್ಲಿನ ಹತ್ತಿರ ಒಬ್ಬ ಮಾಜಿ ಸೈನಿಕರು ಕಲಿಸುತ್ತಾರೆ ಅಂತ ಹೇಳಿದರು. ಮೈದುನ ತಾನೂ ಬರ್ತೀನಿ ಅಂದ. ನನ್ನನ್ನ ಒಬ್ಬಳೇ ಕಳಿಸೋಕೆ ಮನಸ್ಸು ಬರಲಿಲ್ಲವೋ, ನಾನು ಹೆದರಿ ವಾಪಸ್ಸು ಬರುವುದನ್ನ ಕಣ್ಣಾರೆ ನೋಡಬೇಕಿತ್ತೋ, ಕೇಳಲಿಲ್ಲ. ಅವನ ಕಾರಿನಲ್ಲೇ ಹೋದೆವು.

ತೆಂಗಿನ ತೋಟದ ಮಧ್ಯೆ ಹೆಂಚಿನ ಮನೆ. ಮುಂದೆ ಸೆಗಣಿ ಸಾರಿಸಿದ ಅಂಗಳ, ಅಲ್ಲಿ ನಾಲ್ಕಾರು ಮರದ ಪಿಸ್ತೂಲುಗಳು. ಬಡಗಿಯ ಕೈಲಿ ಮಾಡಿಸಿದ್ದಂತೆ. ಆ ಸೈನಿಕರಿಗೆ ಎಪ್ಪತ್ತರ ಮೇಲಿರಬಹುದು, ಬೆನ್ನು ಮಾತ್ರ ಗಳದ ಹಾಗೆ ನೆಟ್ಟಗಿತ್ತು. ಮೊದಲು ಮೂರು ಮಾತು ಹೇಳಿಕೊಟ್ಟರು. ಯಾವ ಪಿಸ್ತೂಲನ್ನೂ ಖಾಲಿ ಅಂತ ನಂಬಬಾರದು. ಹೊಡೆಯಬಾರದ್ದರ ಕಡೆ ಅದರ ಬಾಯಿ ತಿರುಗಿಸಬಾರದು. ಗುರಿ ಖಾತ್ರಿಯಾಗುವ ತನಕ ಕುದುರೆಯ, ಅಂದರೆ ಟ್ರಿಗರಿನ ಮೇಲೆ ಬೆರಳು ಇಡಬಾರದು. ಬಟವಾಡಿಯ ಹುಡುಗ ಈ ಮೂರನ್ನೂ ಒಂದೇ ಉಸಿರಿಗೆ ಮುರಿದಿದ್ದ. ನನಗೆ ಗೌರವ ಬಂತು.

ಗುಂಡು ಹಾರಿಸುವಾಗ ಕಿವಿಗೆ ಏನಾದರೂ ಹಾಕಿಕೊಳ್ಳಬೇಕೇ ಅಂತ ಕೇಳಿದೆ. ಏನು ಅಂದರು. ಇನ್ನೊಂದು ಸಲ ಕೇಳಿದೆ. ಆಂ ಅಂದರು. ಮೈದುನ ಗಂಟಲು ಹರಿಯುವ ಹಾಗೆ ಕೂಗಿದ ಮೇಲೆ, ಅಂಥದ್ದೇನೂ ಬೇಕಾಗಿಲ್ಲ, ನಾವೆಲ್ಲ ಹಾಕಿಕೊಂಡವರೇ ಅಲ್ಲ ಅಂತ ಹೇಳಿದರು.

ಆಮೇಲೆ ಧೈರ್ಯದ ವಿಷಯಕ್ಕೆ ಬಂದರು. ಪಿಸ್ತೂಲು ಇದ್ದವನು ಸದ್ದಿಗೆ ಬೆಚ್ಚಬಾರದು, ಕಾಲು ಊರಿ ನಿಲ್ಲಬೇಕು ಅಂತ ಕಾಲು ಅಗಲಿಸಿ ನಿಂತು ತೋರಿಸುತ್ತಿದ್ದರು. ಅದೇ ಹೊತ್ತಿಗೆ ಹಿಂದಿನ ಮರದಿಂದ ಒಣಗಿದ ಗರಿಯೊಂದು ಧಡ್ ಅಂತ ಬಿತ್ತು. ಮೈದುನನೂ ನಾನೂ ತಿರುಗಿ ನೋಡಿದೆವು ಅಷ್ಟೇ. ಇವರು ಆಗಲೇ ನೆಲದ ಮೇಲೆ ಬೋರಲು ಬಿದ್ದಿದ್ದರು. ಎರಡು ಕೈಯಲ್ಲೂ ತಲೆ ಮುಚ್ಚಿಕೊಂಡು, ಕೆನ್ನೆ ಸೆಗಣಿ ನೆಲಕ್ಕೆ ಒತ್ತಿಕೊಂಡು. ನಮ್ಮ ಕೂಗು ಕೇಳದ ಕಿವಿಗೆ ಆ ಸದ್ದು ಹೇಗೆ ಹೊಕ್ಕಿತೋ ದೇವರೇ ಬಲ್ಲ.

ಮೈದುನ ಬಾಯಿಗೆ ಕೈ ಅಡ್ಡ ಇಟ್ಟುಕೊಂಡ. ನನಗೂ ನಗು ಬಂದಿತ್ತು. ಅವರ ಬೆನ್ನು ನಡುಗುತ್ತಿದ್ದದ್ದು ಕಂಡ ಮೇಲೆ ನಗಲು ಆಗಲಿಲ್ಲ. ಒಳಗಿನಿಂದ ಅವರ ಹೆಂಡತಿ ಬಂದರು. ಕೈಯಲ್ಲಿ ಸೊಪ್ಪು ಸೋಸುತ್ತಿದ್ದ ಮೊರ. ಗಾಬರಿಯೇನೂ ಇರಲಿಲ್ಲ. ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು, ಬೆನ್ನ ಮೇಲೆ ಕೈ ಇಟ್ಟು, "ಎದ್ದೇಳಿ, ಗರಿ ಅದು. ಬರೀ ಗರಿ ಕಣ್ರೀ," ಅಂದರು. ಅವರು ಎದ್ದು ಮಣ್ಣು ಒರೆಸಿಕೊಂಡು ಹಿತ್ತಲ ಕಡೆ ಹೋದರು.

ನಾವು ಹೊರಡುವ ಮುಂಚೆ ಅವರೇ ಬಂದು ನಿಜ ಹೇಳಿದರು. ತನ್ನ ಸರ್ಟಿಫಿಕೇಟು ಎಲ್ಲೂ ನಡೆಯುವುದಿಲ್ಲ, ಸರ್ಕಾರ ಒಪ್ಪಿದ ಕಡೆಯೇ ಸೇರಬೇಕು. ಸೇರಿದ ಕಡೆ ಮೊದಲ ದಿನವೇ ಕೈಗೆ ಗುಂಡು ಕೊಟ್ಟರೆ ಅಲ್ಲಿಂದ ಎದ್ದು ಬಾ ಅಂದರು. ಅಷ್ಟು ತಿರುಗಾಟದಲ್ಲಿ ನನಗೆ ಸಿಕ್ಕ ಉಪಯೋಗದ ಮಾತು ಅದೊಂದೇ.

ಗೇಟಿನವರೆಗೆ ಕಳಿಸಿಕೊಡಲು ಅವರ ಹೆಂಡತಿ ಬಂದರು. ಬೇಜಾರು ಮಾಡ್ಕೋಬೇಡಿ, ಬೇಸಿಗೇಲಿ ದಿನಕ್ಕೊಂದು ಸಲ ಬಿದ್ದೇ ಬೀಳುತ್ತೆ ಅಂದರು. ಗರಿಯೋ ಅವರೋ ಅಂತ ನಾನು ಕೇಳಲಿಲ್ಲ.

ಕೋತಿಗೆ ತೋರಿಸೋಕೆ

ಕಡೆಗೆ ಸೇರಿದ್ದು ತುಮಕೂರಿನಿಂದ ದೇವರಾಯನದುರ್ಗದ ಕಡೆ ಹೋಗುವ ರಸ್ತೆಯಲ್ಲಿ, ಸರ್ಕಾರದ ಒಪ್ಪಿಗೆ ಇದ್ದ ಒಂದು ಕ್ಲಾಸಿಗೆ. ಕಲಿಸುವವರು ಪೊಲೀಸಿನಿಂದ ನಿವೃತ್ತರಾದ ಒಬ್ಬ ಹೆಂಗಸು, ಹೆಚ್ಚುಕಡಿಮೆ ನನ್ನ ವಯಸ್ಸು. ಎಲ್ಲರೂ ಅವರನ್ನ ಮೇಡಂ ಅನ್ನುತ್ತಿದ್ದರು. ದನಿ ಏರಿಸಿದ್ದನ್ನ ನಾನು ಒಂದು ದಿನವೂ ಕೇಳಲಿಲ್ಲ. ಮೈದುನನೂ ಫೀಸು ಕಟ್ಟಿ ಸೇರಿಕೊಂಡ. ಅತ್ತಿಗೆ ಫೇಲಾದರೆ ಮನೆಯಲ್ಲಿ ಒಬ್ಬರ ಹತ್ತಿರವಾದರೂ ಸರ್ಟಿಫಿಕೇಟು ಇರಲಿ ಅಂತ ಅವನ ಲೆಕ್ಕ.

ಮೊದಲ ದಿನ ಅಲ್ಲಿ ಪಿಸ್ತೂಲಿನ ಮುಖವನ್ನೂ ತೋರಿಸಲಿಲ್ಲ. ಗಾಯವಾದರೆ ಯಾರಿಗೆ ಫೋನು, ಔಷಧಿ ಪೆಟ್ಟಿಗೆ ಎಲ್ಲಿದೆ, ನಿಲ್ಲಿಸಿ ಅಂದ ಕೂಡಲೇ ಏನು ಮಾಡಬೇಕು, ಇಷ್ಟೇ. ಆಮೇಲೆ ಮೇಡಂ ಒಬ್ಬೊಬ್ಬರನ್ನೇ ನಿಲ್ಲಿಸಿ, ಯಾರಿಗೆ ಹೊಡೆಯೋಕೆ ಅಂತ ಕಲೀತಿದೀರಿ ಅಂತ ಕೇಳಿದರು.

ಚೇಳೂರಿನ ಕಡೆಯ ಒಬ್ಬ ತೆಂಗಿನಕಾಯಿ ವ್ಯಾಪಾರಿ ಎದ್ದು ನಿಂತರು. "ಕೋತಿಗೆ ಮೇಡಂ."

ಕೋತಿಗೆ ಹೊಡೆದರೆ ಕೇಸಾಗುತ್ತದೆ ಅಂತ ಮೇಡಂ ಹೇಳಿದರು. ವ್ಯಾಪಾರಿ ಸ್ವಲ್ಪ ಯೋಚನೆ ಮಾಡಿ, ಹಾಗಾದರೆ ಹೊಡೆಯೋಲ್ಲ, ಬರೀ ತೋರಿಸ್ತೀನಿ ಅಂದರು. ಅದು ಪಿಸ್ತೂಲು ಅಂತ ಕೋತಿಗೆ ಹೇಗೆ ಗೊತ್ತಾಗಬೇಕು ಅಂತ ಮೇಡಂ ಕೇಳಿದರು. ಅದಕ್ಕೂ ವ್ಯಾಪಾರಿಯ ಹತ್ತಿರ ಉತ್ತರ ಇತ್ತು. "ಒಂದು ಸಲ ಗೊತ್ತಾಗೋ ಹಂಗೆ ಮಾಡಿದ್ರೆ, ಮಿಕ್ಕಿದ್ದೋರಿಗೆ ಅದೇ ಹೇಳ್ಕೊಳ್ತದೆ."

ಎಲ್ಲರೂ ನಕ್ಕರು. ಮೇಡಂ ಕೂಡ. ಮೈದುನನ ಸರದಿ ಬಂದಾಗ ಅವನು ಎದೆ ಉಬ್ಬಿಸಿ, ಅಣ್ಣನ ಆಯುಧ ಮನೆತನದಲ್ಲಿ ಉಳೀಬೇಕು ಅಂದ. ನನ್ನ ಸರದಿ ಬಂತು. ಬಂಕಿನ ದುಡ್ಡಿನ ಕತೆ ಹೇಳಬೇಕು ಅಂತಲೇ ಎದ್ದಿದ್ದೆ. ಬಾಯಿ ತೆರೆದರೆ ಆ ಮಾತು ಬರಲಿಲ್ಲ. ಅದು ನಮ್ಮವರದು ಅಂದೆ, ಅಷ್ಟೇ. ಮೇಡಂ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿ ಕೂತ್ಕೊಳ್ಳಿ ಅಂದರು. ನನಗೆ ಅಳು ಬಂದುಬಿಡುತ್ತೆ ಅನ್ನುವ ಹೊತ್ತಿಗೆ ಪಕ್ಕದಲ್ಲಿದ್ದ ತೆಂಗಿನಕಾಯಿ ವ್ಯಾಪಾರಿ ನನ್ನ ಕಡೆ ಬಗ್ಗಿದರು. ತುಂಬಾ ಕನಿಕರದಿಂದ, ನಿಮ್ಮ ಯಜಮಾನ್ರಿಗೂ ಕೋತಿ ಕಾಟ ಇತ್ತೇನಮ್ಮ ಅಂತ ಕೇಳಿದರು.

ಯಾರ ಗುಂಡು

ಕಡೆಯ ದಿನ ಗುಂಡು ಹಾರಿಸಬೇಕಿತ್ತು. ಇಬ್ಬಿಬ್ಬರನ್ನ ಸಾಲಿಗೆ ನಿಲ್ಲಿಸುತ್ತಿದ್ದರು. ಎದುರಿಗೆ ಮಣ್ಣಿನ ದಿಬ್ಬ, ಅದರ ಮುಂದೆ ಒಬ್ಬೊಬ್ಬರಿಗೆ ಒಂದೊಂದು ಟಾರ್ಗೆಟ್ ಕಾಗದ. ಕಿವಿಗೆ ದಪ್ಪನೆಯ ಮುಚ್ಚಳ, ಕಣ್ಣಿಗೆ ಕನ್ನಡಕ. ನಾನೂ ಮೈದುನನೂ ಅಕ್ಕಪಕ್ಕ ನಿಂತೆವು.

ಪಿಸ್ತೂಲು ಎತ್ತಿಕೊಂಡೆ. ಹೇಳಿಕೊಟ್ಟ ಹಾಗೆ ಎರಡೂ ಕೈ, ಬೆರಳು ಹೊರಗೆ. ಎಲ್ಲ ಸರಿ ಇತ್ತು. ಆಗ ಅದರ ಎಣ್ಣೆಯ ವಾಸನೆ ಮೂಗಿಗೆ ಬಡಿಯಿತು. ಆಯುಧಪೂಜೆಯ ದಿನ ನಮ್ಮವರು ತಮ್ಮ ಪಿಸ್ತೂಲು ಒರೆಸಿ, ಕೈ ಸರಿಯಾಗಿ ತೊಳೆಯದೆ ಊಟಕ್ಕೆ ಕೂರುತ್ತಿದ್ದರು. ಹೋಳಿಗೆಗೆಲ್ಲ ಎಣ್ಣೆ ವಾಸನೆ ಅಂತ ನಾನು ಬೈಯುತ್ತಿದ್ದೆ. ಅದೇ ವಾಸನೆ. ಬೆರಳು ಕುದುರೆಯ ಮೇಲೆ ಹೋಗಲೇ ಇಲ್ಲ. ಪಕ್ಕದಲ್ಲಿ ಮೈದುನ ಧಡ್ ಧಡ್ ಅಂತ ಒಂದಾದ ಮೇಲೊಂದು ಹಾರಿಸುತ್ತಿದ್ದ. ನಾನು ಪಿಸ್ತೂಲು ಹಿಡಿದು ಎದುರಿಗೆ ನೋಡುತ್ತಾ ನಿಂತೇ ಇದ್ದೆ. ಕನ್ನಡಕದೊಳಗೆ ನೀರು ತುಂಬಿ ಟಾರ್ಗೆಟ್ ಕಾಣಿಸುತ್ತಿರಲಿಲ್ಲ. ಆಮೇಲೆ ಹೇಳಿಕೊಟ್ಟ ಹಾಗೇ ಗುಂಡು ತೆಗೆದು, ಖಾಲಿ ಇದೆ ಅಂತ ಖಾತ್ರಿ ಮಾಡಿಕೊಂಡು, ಮೇಜಿನ ಮೇಲೆ ಇಟ್ಟು ಹಿಂದಕ್ಕೆ ಸರಿದು ನಿಂತೆ.

ಟಾರ್ಗೆಟ್ ಕಾಗದಗಳನ್ನ ತಂದರು. ಮೈದುನನ ಕಾಗದ ಆಗತಾನೇ ಅಂಗಡಿಯಿಂದ ತಂದ ಹಾಗಿತ್ತು, ಒಂದು ಗೀರೂ ಇಲ್ಲ. ನನ್ನ ಕಾಗದದಲ್ಲಿ ನಡುಮಧ್ಯೆ, ಒಂದರ ಪಕ್ಕ ಒಂದು, ತೂತುಗಳು.

ತೆಂಗಿನಕಾಯಿ ವ್ಯಾಪಾರಿ ಚಪ್ಪಾಳೆ ತಟ್ಟಿದರು. ಹಿಂದೆ ಕೂತಿದ್ದವರೆಲ್ಲ ತಟ್ಟಿದರು. ಮೈದುನ ತನ್ನ ಕಾಗದವನ್ನ ಬೆಳಕಿಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ. ಬಿದ್ದವು ಅಂತ ನನಗೇ ಗೊತ್ತು, ಎಲ್ಲೋ ಬಿದ್ದಿವೆ ಅಂದ. ಹೌದು, ಬಿದ್ದಿದ್ದವು. ಚೆನ್ನಾಗಿಯೇ ಹೊಡೆದಿದ್ದ. ಮೊದಲನೆಯದರಿಂದ ಕಡೆಯದರವರೆಗೂ ಕೈ ನಡುಗಿಸದೆ, ನನ್ನ ಟಾರ್ಗೆಟ್‌ಗೆ ಹೊಡೆದಿದ್ದ.

ಮೇಡಂ ಮೇಜಿನ ಮೇಲೆ ನಾನು ಇಟ್ಟಿದ್ದ ಗುಂಡುಗಳನ್ನ ನೋಡಿದರು, ನನ್ನ ಕಣ್ಣು ನೋಡಿದರು, ಅವನನ್ನ ನೋಡಿದರು. ಅವರಿಗೆ ಎಲ್ಲ ಅರ್ಥವಾಯಿತು. ನಮ್ಮಿಬ್ಬರನ್ನೂ ಪಕ್ಕಕ್ಕೆ ಕರೆದು, ಯಾರಿಗೂ ಕೇಳದ ಹಾಗೆ ಹೇಳಿದರು.

"ಇಬ್ಬರೂ ಮುಂದಿನ ಬ್ಯಾಚಿಗೆ ಬನ್ನಿ. ಒಬ್ಬರು ಹೊಡೆಯೋದು ಕಲೀಬೇಕು. ಇನ್ನೊಬ್ಬರು ಯಾವುದಕ್ಕೆ ಅಂತ ಕಲೀಬೇಕು."

ಇಷ್ಟು ದಿನ ಹುಡುಕಿದ ಒಳ್ಳೆ ಕ್ಲಾಸು ಸಿಕ್ಕಿತು ಅಂತ ಖಾತ್ರಿಯಾಗಿದ್ದು ಆಗಲೇ. ನಮ್ಮಿಬ್ಬರನ್ನೂ ಮುಲಾಜಿಲ್ಲದೆ ಫೇಲು ಮಾಡಿತ್ತು.

ವಾಪಸ್ಸು ಬರುವಾಗ ಮೈದುನ ಕಾರು ಓಡಿಸುತ್ತಿದ್ದ. ತುಮಕೂರು ದಾಟಿದ ಮೇಲೆ, ಅತ್ತಿಗೆ, ಅಣ್ಣ ಇದ್ದಿದ್ದರೆ ಇವತ್ತು ಎಷ್ಟು ನಗ್ತಿದ್ದ ಅಂದ. ಹಾಗಂದವನೇ ಕಾರು ಪಕ್ಕಕ್ಕೆ ನಿಲ್ಲಿಸಿ ಸ್ಟಿಯರಿಂಗಿಗೆ ಹಣೆ ಒತ್ತಿಕೊಂಡು ಅತ್ತ. ಅಣ್ಣ ಸತ್ತ ದಿನವೂ ಅವನು ಅತ್ತಿರಲಿಲ್ಲ, ಎಲ್ಲ ಓಡಾಟ ಅವನದೇ ಆಗಿತ್ತು. ನಾನು ನೀರಿನ ಬಾಟಲಿ ಕೊಟ್ಟೆ. ಅಲ್ಲೇ ಕೂತು, ಪಿಸ್ತೂಲು ಇಬ್ಬರಿಗೂ ಬೇಡ, ಸ್ಟೇಷನ್ನಿಗೇ ಬಿಟ್ಟುಕೊಡೋಣ ಅಂತ ತೀರ್ಮಾನ ಮಾಡಿದೆವು. ಮಾರನೇ ವಾರವೇ ಬರೆದುಕೊಟ್ಟು ಬಂದೆವು.

ಆ ಟಾರ್ಗೆಟ್ ಕಾಗದವನ್ನ ಮಾತ್ರ ನಾನು ತಂದಿದ್ದೆ. ಬಂಕಿನ ಕೆಲಸದವರು ಅದನ್ನ ನೋಡಿ, ನನ್ನನ್ನೂ ಕೇಳದೆ, ಕಟ್ಟು ಹಾಕಿಸಿ ಆಫೀಸಿನಲ್ಲಿ ನನ್ನ ಕುರ್ಚಿಯ ಹಿಂದೆ ನೇತುಹಾಕಿದರು. ಅಂದಿನಿಂದ ಸಾಲಕ್ಕೆ ಡೀಸೆಲ್ ಕೇಳುವವರು ಬಾಗಿಲಲ್ಲೇ ನಿಂತು ಕಾಗದ ನೋಡಿ, ಆಮೇಲೆ ಬರ್ತೀನಿ ಅಮ್ಮ ಅಂತ ಹೊರಡುತ್ತಾರೆ. ದುಡ್ಡಿನ ಬ್ಯಾಗು ಹಿಡಿದು ಗುಬ್ಬಿಯ ಪೇಟೆಯಲ್ಲಿ ಇಳಿದರೆ ಬೈಕಿನವರು ದಾರಿ ಬಿಡುತ್ತಾರೆ. ಅದು ನಾನು ಹೊಡೆದದ್ದಲ್ಲ ಅಂತ ನಾನಾಗಿ ಯಾರಿಗೂ ಹೇಳಿಲ್ಲ. ಹೊಡೆದವನು ದಿನಾ ಸಂಜೆ ಬಂದು, ಅದರ ಎದುರಿಗೇ ಕೂತು, ಕಾಫಿ ಕುಡಿದು ಹೋಗುತ್ತಾನೆ. ಅವನೂ ಹೇಳಿಕೊಳ್ಳುವ ಹಾಗಿಲ್ಲ.